ಡ್ರ್ಯಾಗನ್ ಮಚ್ಚೆಯ ನಿರ್ಮೂಲನ

ಕಳೆದ ಭಾನುವಾರದಿಂದ ನಮ್ಮ ಮನೆಯಲ್ಲಿ ನಾನೊಬ್ಬ ಅಪರಾಧಿ. ಅಪರಾಧವೇನೆಂದು ಕೇಳಿ. ಕದ್ದೆನೇ? ಇಲ್ಲ. ಒಡೆದೆನೇ? ಇಲ್ಲ. ಒಂದು ಕೊಳಕು ವಸ್ತುವನ್ನು ತೊಳೆದು ಬೆಳ್ಳಗೆ ಮಾಡಿದೆ! ಕುಡಿದ ಲೋಟವನ್ನೂ ಎತ್ತಿಡದ ಗಂಡಂದಿರು ಅಕ್ಕಪಕ್ಕದ ಮನೆಗಳಲ್ಲಿ ಎಷ್ಟು ಗೌರವದಿಂದ ಬಾಳುತ್ತಿದ್ದಾರೆ ಎನ್ನುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆ ವಸ್ತು ಒಂದು ವಿಡಿಯೋ ಗೇಮ್ ಪೆಟ್ಟಿಗೆ. ಟೀವಿಗೆ ಸಿಕ್ಕಿಸಿ, ಇಬ್ಬರು ಕುಳಿತು ಗುಂಡಿ ಒತ್ತುತ್ತ ಆಡುವ ಹಳೆಯ ಕಾಲದ್ದು. ನನ್ನ ಹೆಂಡತಿಗೂ ಅವಳ ತಮ್ಮನಿಗೂ ಸೇರಿಸಿ ಮಾವನವರು ತಂದುಕೊಟ್ಟದ್ದು. ಹೊಸದರಲ್ಲಿ ಹಾಲಿನಂತಿತ್ತಂತೆ. ನಾನು ಕಾಣುವ ಹೊತ್ತಿಗೆ ಇಪ್ಪತ್ತು ವರ್ಷ ಸಿಗರೇಟು ಸೇದಿದವನ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಮುಚ್ಚಳದ ನಡುವೆ ಮಾತ್ರ ಡ್ರ್ಯಾಗನ್ ಆಕಾರದ ಒಂದು ಬಿಳಿ ಮಚ್ಚೆ. ಅಲ್ಲಿ ಮಾವನವರೇ ಅಂಟಿಸಿದ್ದ ಡ್ರ್ಯಾಗನ್ ಸ್ಟಿಕ್ಕರ್ ಒಂದಿತ್ತು. ಅದರಡಿಯ ಪ್ಲಾಸ್ಟಿಕ್ ಬೆಳಕು ಕಾಣದೆ ಬೆಳ್ಳಗೇ ಉಳಿದಿತ್ತು.

ಆ ಸ್ಟಿಕ್ಕರನ್ನು ಒಂದು ದಿನ ಯಾರೋ ಕಿತ್ತರು. ಯಾರು? "ಅವನೇ" ಎನ್ನುತ್ತಾಳೆ ಅಕ್ಕ. "ಅವಳೇ" ಎನ್ನುತ್ತಾನೆ ತಮ್ಮ. ನಮ್ಮ ಮದುವೆಗಿಂತ ಹಳೆಯದಾದ ಈ ಮಹಾವ್ಯಾಜ್ಯ ಮೂರು ತಿಂಗಳ ಹಿಂದೆ ಫೋನಿನಲ್ಲಿ ಮತ್ತೆ ಹೊತ್ತಿಕೊಂಡು, ಇಬ್ಬರೂ ಮಾತು ಬಿಟ್ಟರು. ನಡುವೆ ಸಿಕ್ಕ ನನ್ನ ಅತ್ತೆ ಊಟ ಬಿಡುವ ಮಟ್ಟಕ್ಕೆ ಬಂದರು. ಕೊನೆಗೆ ಬಾಮೈದ, "ಭಾನುವಾರ ಬರ್ತೀನಿ, ಪೆಟ್ಟಿಗೆ ಇಳಿಸಿಟ್ಟಿರಲಿ" ಎಂದು ತಾಯಿಯ ಮೂಲಕ ಹೇಳಿಕಳಿಸಿದ.

ಅದೇ ವಾರ ಅತ್ತೆಯವರ ಕಣ್ಣಿನ ಆಪರೇಷನ್ನಿಗೆಂದು ಹೆಂಡತಿ ನಾಲ್ಕು ದಿನ ತವರಿಗೆ ಹೋದಳು. ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ ನನಗೆ ಹೊಳೆಯಿತು: ಜಗಳಕ್ಕೆಲ್ಲ ಬೇರು ಈ ಮಚ್ಚೆ. ಮಚ್ಚೆಯೇ ಇಲ್ಲದಿದ್ದರೆ ಜಗಳವೆಲ್ಲಿ?

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ಅಳೆದು, ತೂಗಿ, ಬರೆದಿಡುವ ಕೆಲಸ. ಟಿಪ್ಪಣಿ ಬರೆಯದೆ ನಾನು ಸೊಳ್ಳೆಬತ್ತಿಯನ್ನೂ ಹಚ್ಚುವುದಿಲ್ಲ. (ಹೆಂಡತಿ ಈ ಗುಣಕ್ಕೆ ಬೇರೆ ಹೆಸರಿಟ್ಟಿದ್ದಾಳೆ. ಇಲ್ಲಿ ಬೇಡ.) ತಲೆಗೂದಲಿನ ಬಣ್ಣ ತೆಗೆಯಲು ಪಾರ್ಲರಿನವರು ಬಳಸುವ ಕ್ರೀಮನ್ನು ಹಳದಿಯಾದ ಪ್ಲಾಸ್ಟಿಕ್ಕಿಗೆ ಹಚ್ಚಿ, ತೆಳುವಾದ ಪಾರದರ್ಶಕ ಹಾಳೆ ಸುತ್ತಿ ಬಿಸಿಲಿಗಿಟ್ಟರೆ ಮೂಲ ಬಣ್ಣ ಮರಳುತ್ತದೆ ಎಂದು ಓದಿ ತಿಳಿದುಕೊಂಡೆ. ನೇರವಾಗಿ ಪಾರ್ಲರಿಗೆ ಹೋದೆ.

ಪಾರ್ಲರಿನ ಯಜಮಾನಿ ನನ್ನ ತಲೆಯನ್ನು ನೋಡಿದರು. ಬಣ್ಣ ತೆಗೆಯುವಂಥದ್ದು ಅಲ್ಲೇನೂ ಉಳಿದಿರಲಿಲ್ಲ.

"ಯಾರಿಗೆ ಸಾರ್? ಮೇಡಮ್‌ಗಾ?"

"ಅವಳು ಊರಲ್ಲಿಲ್ಲ."

"ಓಹೋ. ಮತ್ಯಾರಿಗೆ?"

"ಪೆಟ್ಟಿಗೆಗೆ."

"ಹಾಂ ಹಾಂ. ಎಲ್ರೂ ಏನೋ ಒಂದು ಹೇಳ್ತಾರೆ ಬಿಡಿ" ಎಂದು ನಾಲ್ಕು ಬಾಟಲಿ ಕಟ್ಟಿಕೊಟ್ಟರು. ನನ್ನ ಚಾರಿತ್ರ್ಯಕ್ಕೆ ಬಿದ್ದ ಮೊದಲ ಪೆಟ್ಟು ಅದು.

ಮೂರು ದಿನ ರಜೆ ಹಾಕಿದೆ. ಸ್ಕ್ರೂ ಬಿಚ್ಚಿ ಒಳಗಿನ ಯಂತ್ರವನ್ನು ಬೇರೆ ತೆಗೆದಿಟ್ಟೆ. ಸಂದುಗೊಂದುಗಳನ್ನು ನನ್ನ ಸ್ವಂತ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಮಚ್ಚೆಯ ಒಂದು ಮೂಲೆಯಲ್ಲಿ ಸ್ಟಿಕ್ಕರಿನ ಬೇಳೆಗಾತ್ರದ ಚೂರೊಂದು ಅಂಟಿತ್ತು, ಪಕ್ಕದಲ್ಲೇ ಉಗುರಿನ ಗೀರು. ಚೂರನ್ನು ಎಣ್ಣೆ ಹಚ್ಚಿ ಬಿಡಿಸಿದೆ, ಗೀರನ್ನು ನಯವಾದ ಮರಳುಕಾಗದದಿಂದ ಅಳಿಸಿದೆ. ಕ್ರೀಮ್ ಬಳಿದು, ಹಾಳೆ ಸುತ್ತಿ, ತಾರಸಿಯಲ್ಲಿಟ್ಟೆ. ಕ್ರೀಮ್ ಒಣಗಿದರೆ ಪಟ್ಟೆಪಟ್ಟೆಯಾಗುತ್ತದೆ. ಆದ್ದರಿಂದ ಕಾಲು ಗಂಟೆಗೊಮ್ಮೆ ತಿರುಗಿಸಬೇಕು. ಮೊದಲ ದಿನ ಊಟಕ್ಕೆಂದು ಕೆಳಗಿಳಿದು ಬರುವಷ್ಟರಲ್ಲಿ ಅದು ಜೀಬ್ರಾ ಆಗಿತ್ತು. ಆಮೇಲೆ ಊಟವನ್ನೂ ತಾರಸಿಗೇ ತಂದುಕೊಂಡೆ. ಬಟ್ಟೆ ಒಣಹಾಕಲು ಬಂದ ಕೆಳಮನೆಯಾಕೆ, "ಮಗು ಮಲಗಿಸಿದ ಹಾಗೆ ಕಾಯ್ತಿದೀರಲ್ಲ ಸಾರ್" ಎಂದು ನಕ್ಕರು. ನಗಲಿ. ಒಟ್ಟು ತೊಂಬತ್ತಾರು ಸಲ ತಿರುಗಿಸಿದೆ. ಶನಿವಾರ ಮಧ್ಯಾಹ್ನ ಮೂರು ನಲವತ್ತಕ್ಕೆ ಟಿಪ್ಪಣಿ ಪುಸ್ತಕದಲ್ಲಿ ಬರೆದೆ: "ಮಚ್ಚೆ ಸಂಪೂರ್ಣ ನಿರ್ಮೂಲನ."

ಭಾನುವಾರ ಬೆಳಿಗ್ಗೆ ಹೆಂಡತಿ ಬಂದಳು, ಹಿಂದೆಯೇ ಬಾಮೈದನೂ ಬಂದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಪೆಟ್ಟಿಗೆಯನ್ನು ಮೊದಲಿನಂತೆ ಜೋಡಿಸಿ, ಮೇಜಿನ ಮೇಲಿಟ್ಟು ಬಟ್ಟೆ ಹೊದಿಸಿದ್ದೆ. ಬಾಮೈದನದು ಕೈಗಡಿಯಾರ ರಿಪೇರಿ ಕೆಲಸ. ಅವನು ಜೇಬಿನಿಂದ ತನ್ನ ಕಣ್ಣುಮಸೂರ ತೆಗೆದು ಒರೆಸತೊಡಗಿದ.

"ಅಕ್ಕ, ಮೊದಲೇ ಹೇಳ್ತೀನಿ. ಉಗುರಿನ ಗೀರು ಎಡಗಡೆ ಇದ್ರೆ ಕಿತ್ತಿದ್ದು ನಾನು. ನಾನು ಎಡಗೈಯವನು. ಬಲಗಡೆ ಇದ್ರೆ ನೀನು. ಸೋತವರು ಅಮ್ಮನ ಹತ್ರ ತಪ್ಪು ಒಪ್ಕೋಬೇಕು."

"ನನಗೇನು ಭಯ? ತೆಗೀರಿ ಬಟ್ಟೆ."

ತೆಗೆದೆ. ಪೆಟ್ಟಿಗೆ ಥಳಥಳ ಹೊಳೆಯಿತು. ಅದೊಂದನ್ನು ಬಿಟ್ಟರೆ ಆ ಕೋಣೆಯಲ್ಲಿ ಕಳೆ ಇದ್ದ ಮುಖ ಇನ್ನೊಂದಿರಲಿಲ್ಲ.

"ರೀ, ಮಚ್ಚೆ ಎಲ್ಲಿ?"

"ಹೋಯ್ತು."

"ಗೀರು?"

"ಉಜ್ಜಿದೆ."

"ಭಾವ, ಸ್ಟಿಕ್ಕರಿಂದು ಒಂದು ಚೂರಿತ್ತಲ್ಲ?"

"ಎಣ್ಣೆ ಹಚ್ಚಿ... ಬಿಡಿಸಿದೆ."

"ಅಯ್ಯೋ ಪುಣ್ಯಾತ್ಮ! ಎಡಗಡೆ ಇತ್ತೋ ಬಲಗಡೆ ಇತ್ತೋ, ಅಷ್ಟಾದ್ರೂ ಹೇಳಿ!"

ತೊಂಬತ್ತಾರು ಸಲ ತಿರುಗಿಸಿದವನಿಗೆ ಎಡ ಯಾವುದು, ಬಲ ಯಾವುದು? ಟಿಪ್ಪಣಿ ಪುಸ್ತಕ ತೆರೆದೆ. ಗಾಳಿ, ಬಿಸಿಲು, ಕ್ರೀಮಿನ ತೂಕ, ಎಲ್ಲವೂ ಇದ್ದವು. ಗೀರಿನ ಮುಂದೆ ಮಾತ್ರ "ಒಂದು ಮೂಲೆಯಲ್ಲಿ" ಎಂದಿತ್ತು. ಹೆಂಡತಿ ಅದನ್ನು ಗಟ್ಟಿಯಾಗಿ ಓದಿದಳು, ಎರಡು ಸಲ.

"ಇವರು ಮೊದಲಿಂದ್ಲೂ ಹೀಗೇನಾ ಅಕ್ಕ?" ಎಂದ ಬಾಮೈದ. ಮೂರು ತಿಂಗಳಲ್ಲಿ ಅವಳ ಕಡೆ ತಿರುಗಿ ಆಡಿದ ಮೊದಲ ಸಹಜ ಮಾತು.

"ಯಾರ ಹತ್ರ ಹೇಳ್ಲಿ ಕಣೋ. ಹೋದ ವರ್ಷ ಮಿಕ್ಸಿ ಬಿಚ್ಚಿದ್ರು, ಇನ್ನೂ ಚೀಲದಲ್ಲೇ ಇದೆ."

"ನನ್ನ ವಾಚ್ ಒಂದ್ಸಲ ನೋಡ್ತೀನಿ ಅಂದಿದ್ರು. ನಾನು ಕೊಡ್ಲಿಲ್ಲ."

"ಒಳ್ಳೇದ್ ಮಾಡ್ದೆ!"

ಹತ್ತು ನಿಮಿಷದಲ್ಲಿ ಇಬ್ಬರೂ ನೆಲದ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತು, ಪೆಟ್ಟಿಗೆಯನ್ನು ಟೀವಿಗೆ ಸಿಕ್ಕಿಸಿ, ನನ್ನ ದುರ್ಗುಣಗಳ ಪಾರಾಯಣ ಮಾಡುತ್ತ ಆಡತೊಡಗಿದರು. ಶಾಂತಿ ನೆಲೆಸಿತು. ಸ್ಥಾಪಿಸಿದವನನ್ನು ಕೇಳುವವರಿಲ್ಲ.

ಅಷ್ಟರಲ್ಲಿ ಅತ್ತೆಯ ಫೋನು. ಹೆಂಡತಿ ಗುಂಡಿ ಒತ್ತುತ್ತಲೇ ಹೇಳಿದಳು: "ಅಮ್ಮ, ಸ್ಟಿಕ್ಕರ್ ವಿಷಯ ಮುಗೀತು. ಅದನ್ನ ತೆಗೆದುಹಾಕಿದ್ದು ಇವರೇ ಅಂತೆ. ಈಗ ತಾನೇ ಒಪ್ಕೊಂಡ್ರು." ಫೋನು ನನ್ನ ಕೈಗೆ ಬಂತು.

"ಅಳಿಯಂದಿರೇ, ನೀವಾ? ಇಷ್ಟು ವರ್ಷ ಮಕ್ಕಳು ಒಬ್ಬರ ಮೇಲೊಬ್ಬರು ಹಾಕ್ತಾ ಕಚ್ಚಾಡ್ತಿದ್ರೆ ನೀವು ಸುಮ್ಮನೆ ಕೂತು ನೋಡ್ತಿದ್ರಾ?"

ಆ ಸ್ಟಿಕ್ಕರ್ ಹರಿದ ಕಾಲಕ್ಕೆ ನಾನು ಇವರ ಮನೆಯ ಬಾಗಿಲನ್ನೂ ಕಂಡಿರಲಿಲ್ಲ, ಸ್ವಾಮಿ! ಬಾಯಿ ತೆರೆದೆ. ಟೀವಿಯ ಮುಂದೆ ಗುಂಡಿಗಳ ಸದ್ದು ನಿಂತಿತು. ಅಕ್ಕ, ತಮ್ಮ ಇಬ್ಬರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. ನಾನಲ್ಲ ಎಂದರೆ ಮತ್ಯಾರು ಎನ್ನುವ ಪ್ರಶ್ನೆ ಏಳುತ್ತದೆ. ಅದು ಎದ್ದರೆ ಅತ್ತೆ ಮತ್ತೆ ಊಟ ಬಿಡುತ್ತಾರೆ.

"ತಪ್ಪಾಯ್ತು ಅತ್ತೆ," ಎಂದೆ. "ನಾನೇ."

"ಹೋಗಲಿ ಬಿಡಿ, ಈಗ್ಲಾದ್ರೂ ನಿಜ ಹೇಳಿದ್ರಲ್ಲ. ಇನ್ಮೇಲೆ ಮಕ್ಕಳ ಆಟದ ಸಾಮಾನು ಮುಟ್ಟಬೇಡಿ."