ಪ್ರಬಂಧಕ್ಕೊಂದು ಅನುಪಾಲನಾ ವರದಿ

ತಪ್ಪು ಒಪ್ಪಿಕೊಳ್ಳುವುದರಲ್ಲಿ ನನ್ನಷ್ಟು ಪಳಗಿದವರು ಸಿಂದಗಿಯಲ್ಲಿ ಇನ್ನೊಬ್ಬರಿಲ್ಲ. ತಿದ್ದಿಕೊಳ್ಳುವ ಮಾತು ಬೇರೆ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದೆ. ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಸಾಹೇಬರು ಹಾಳೆಗಟ್ಟಲೆ ಆಕ್ಷೇಪಣೆ ಬರೆದಿಟ್ಟು ಹೋಗುತ್ತಿದ್ದರು. ಪ್ರತಿಯೊಂದಕ್ಕೂ ‘ಗಮನಿಸಲಾಗಿದೆ’, ‘ಮುಂದೆ ಹೀಗಾಗದಂತೆ ಎಚ್ಚರ ವಹಿಸಲಾಗುವುದು’ ಎಂದು ಉತ್ತರ ಬರೆದು ಕಳಿಸುವುದು ನನ್ನ ಕೆಲಸ. ಅದಕ್ಕೆ ಅನುಪಾಲನಾ ವರದಿ ಎನ್ನುತ್ತಾರೆ. ಮರುವರ್ಷ ಅದೇ ಆಕ್ಷೇಪಣೆ, ಅದೇ ಉತ್ತರ, ಯಾರಿಗೂ ಬೇಸರವಿರಲಿಲ್ಲ. ಮನೆಯಲ್ಲಿ ನಳ ಸೋರುತ್ತಿದೆ ಎಂದು ಹೆಂಡತಿ ಹೇಳಿದರೂ ನನ್ನ ಬಾಯಿಗೆ ಬರುತ್ತಿದ್ದುದು ಇದೇ ಉತ್ತರ. ನನ್ನ ವರದಿ ಓದಿದ ಸಾಹೇಬರೊಬ್ಬರು, “ಬಾಗವಾನ, ನೀ ಸಾಹಿತಿ ಆಗಬೇಕಿತ್ತು ನೋಡು” ಎಂದಿದ್ದರು. ಅವರು ತಮಾಷೆಗೆ ಅಂದರೋ ಏನೋ, ನಾನಂತೂ ನಂಬಿದೆ.

ಹಾಗಾಗಿ ನಿವೃತ್ತನಾದ ಎರಡು ವರ್ಷಕ್ಕೆ ಭಾನುವಾರದ ಪ್ರಬಂಧ ತರಗತಿಗೆ ಸೇರಿದೆ. ಕಲಿಸುವ ಸುವರ್ಣಾ ಮೇಡಂ ನನ್ನ ಮಗಳ ವಯಸ್ಸಿನವರು. ನನಗಿದ್ದ ಆಸೆ ಒಂದೇ. ಹೆಂಡತಿ ಹಸೀನಾ ಕನ್ನೊಳ್ಳಿಯ ಶಾಲೆಯಲ್ಲಿ ಟೀಚರು. ಆ ತಿಂಗಳ ಕೊನೆಗೆ ಅವಳ ನಿವೃತ್ತಿ, ಬೀಳ್ಕೊಡುಗೆ. ಅವಳ ಬಗ್ಗೆ ಒಂದೊಳ್ಳೆಯ ಮಾತನ್ನು ನಾನು ಅವಳೆದುರು ಯಾವತ್ತೂ ಆಡಿದವನಲ್ಲ. ಆ ದಿನ ಎಲ್ಲರ ಮುಂದೆ ಒಂದು ಪ್ರಬಂಧ ಓದಿ ಆ ಕೊರತೆ ನೀಗಿಸಬೇಕು. ಅದು ತಪ್ಪಿದರೆ ಇನ್ನೊಂದು ಅವಕಾಶ ಸಿಗುವಂತಿರಲಿಲ್ಲ.

ನಾಲ್ಕು ಪುಟ ಒಂದೇ ಏಟಿಗೆ ಬರೆದೆ. ‘ಸದರಿ ಹಸೀನಾ ಅವರು ಕರ್ತವ್ಯನಿಷ್ಠೆ, ತ್ಯಾಗ ಹಾಗೂ ಸಹನೆಯ ಸಾಕಾರಮೂರ್ತಿಯಾಗಿದ್ದು’ ಎಂದು ಶುರು. ಮೇಡಂ ಅಂಚನ್ನೆಲ್ಲ ಕೆಂಪು ಮಾಡಿ ಹಿಂದಿರುಗಿಸಿದರು. ‘ಇವರು ನಗುವುದು ಹೇಗೆ?’ ‘ಸಹನೆ ಎಂದಿರಿ, ಏನನ್ನು ಸಹಿಸಿದರು?’ ಕೊನೆಯಲ್ಲಿ, ‘ಇದರಲ್ಲಿ ನೀವೆಲ್ಲಿ?’ ಒಟ್ಟು ಎಂಟು ಟಿಪ್ಪಣಿ. ನನಗೆ ಸ್ವಲ್ಪವೂ ಗಾಬರಿಯಾಗಲಿಲ್ಲ. ಎಂಟೇನು, ಎಂಬತ್ತು ನೋಡಿದವನು. ಮನೆಗೆ ಬಂದು ಸ್ಕೇಲು ಹಿಡಿದು ಗೆರೆ ಎಳೆದು ಎಂಟಕ್ಕೂ ಉತ್ತರ ಬರೆದೆ. ನಗುವಿನ ಬಗ್ಗೆ, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ.’ ಸಹನೆಯ ಬಗ್ಗೆ, ‘ಗಮನಿಸಲಾಗಿದೆ.’ ನಾನೆಲ್ಲಿ ಎಂಬುದಕ್ಕೆ, ‘ಸಿಂದಗಿಯಲ್ಲಿಯೇ ವಾಸವಾಗಿರುತ್ತೇನೆ.’ ಮುಂದಿನ ಭಾನುವಾರ ಹೆಮ್ಮೆಯಿಂದ ಒಪ್ಪಿಸಿದೆ.

ಮೇಡಂ ಓದಿ ಬಹಳ ಹೊತ್ತು ಕನ್ನಡಕ ಒರೆಸಿದರು. “ಉತ್ತರ ಭಾಳ ಚಲೋ ಬರದೀರಿ ಕಾಕಾ. ಪ್ರಬಂಧ ಎಲ್ಲೈತ್ರಿ?”

“ಅದು ಹಂಗ ಐತ್ರಿ.”

“ಅದನ್ನ ನೀವು ತಿದ್ದಲಿ ಅಂತನ ನಾ ಬರದದ್ದು. ಅವರು ಏನು ಸಹಿಸಿದ್ರು, ಅದೊಂದು ಬರ್ಕೊಂಡು ಬರ್ರಿ ಸಾಕು.”

ಮರುದಿನ ಬೆಳಿಗ್ಗೆ ಇದನ್ನೇ ಯೋಚಿಸುತ್ತ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಹಸೀನಾ ನನಗೆ ಚಹಾ ಕೊಟ್ಟು, ಮಧ್ಯಾಹ್ನಕ್ಕೆ ನನ್ನ ರೊಟ್ಟಿ ಮುಚ್ಚಿಟ್ಟು, ತನ್ನ ಡಬ್ಬಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟುತ್ತಲೇ ಕನ್ನೊಳ್ಳಿ ಬಸ್ಸಿಗೆ ಓಡಿದಳು. ತಾನು ಚಹಾ ಕುಡಿಯಲಿಲ್ಲ. ನಾನು ನಿವೃತ್ತನಾಗಿ ಎರಡು ವರ್ಷ. ಎರಡು ವರ್ಷದಿಂದ ಇದೇ ಕಟ್ಟೆಯ ಮೇಲೆ ಕೂತು ಇದನ್ನೇ ನೋಡುತ್ತಿದ್ದೇನೆ. ನಿಜವಾಗಿಯೂ ನಾಚಿಕೆಯಾಯಿತು. ಅವಳು ಸಹಿಸಿದ್ದು ನನ್ನನ್ನೇ. ಅಷ್ಟನ್ನೇ ಬರೆದೆ, ಒಂದೂವರೆ ಪುಟವಾಯಿತು. ಈ ಸಲ ಮೇಡಂ ಕೆಂಪು ಪೆನ್ನು ತೆಗೆಯಲಿಲ್ಲ.

ಬೀಳ್ಕೊಡುಗೆಯಲ್ಲಿ ಓದಿದೆ. ಮಾಸ್ತರರೆಲ್ಲ ನೆಲ ನೋಡುತ್ತಿದ್ದರು, ಟೀಚರುಗಳೆಲ್ಲ ಆ ಮಾಸ್ತರರನ್ನು ನೋಡುತ್ತಿದ್ದರು. ಹಸೀನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ನನ್ನ ಜಾಗದಲ್ಲಿ ಅವಳು ಕೂತಿದ್ದಳು. ನಾನೇ ಚಹಾ ಮಾಡಿ ತಂದುಕೊಟ್ಟೆ. ಸಕ್ಕರೆ ಡಬ್ಬಿ ಸಿಕ್ಕಿರಲಿಲ್ಲ. ಕೇಳಲು ಅಭಿಮಾನ ಅಡ್ಡ ಬಂದಿತ್ತು. ಒಂದು ಗುಟುಕು ಕುಡಿದು ಅವಳೆಂದಳು, “ಸಕ್ಕರೀನ ಇಲ್ಲಲ್ರಿ ಇದರಾಗ?”

ರೂಢಿ ಬಿಡಬೇಕಲ್ಲ, ಬಾಯಿಗೆ ಬಂದೇಬಿಟ್ಟಿತು. “ಗಮನಿಸಲಾಗಿದೆ.”

“ಗಮನಿಸಬ್ಯಾಡ್ರಿ,” ಎಂದು ಕಪ್ಪನ್ನು ನನ್ನ ಕೈಗಿಟ್ಟಳು. “ಹಾಕ್ಕೊಂಡು ಬರ್ರಿ.”

ಒಳಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಸಕ್ಕರಿ ಡಬ್ಬಿ ಎಲ್ಲೈತಿ?” ಎಂದು ಕೊನೆಗೂ ಕೇಳಿದೆ. ಆ ಮನೆ ಕಟ್ಟಿಸಿ ಇಪ್ಪತ್ತು ವರ್ಷವಾಯಿತು, ಅಂದಿನಿಂದಲೂ ನಾವು ಅದರಲ್ಲೇ ಇದ್ದೇವೆ.