ಕಿವಿಮುಚ್ಚಿಗೆ ಆಯುಧಪೂಜೆ

ಆಲೂರಿನಲ್ಲಿ ನನ್ನದೊಂದು ಕಾಫಿ ಹಲ್ಲರ್ ಇದೆ. ಒಣಗಿದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಅದು ಓಡತೊಡಗಿದರೆ ಪಕ್ಕದಲ್ಲಿ ನಿಂತವರಿಗೆ ಕೈಸನ್ನೆಯೇ ಗತಿ. ಆದರೂ ಕೆಲಸಗಾರರ ಕಿವಿಯ ಬಗ್ಗೆ ನನ್ನಷ್ಟು ಕಾಳಜಿಯ ಮಾಲೀಕ ಇಡೀ ತಾಲ್ಲೂಕಿನಲ್ಲಿಲ್ಲ ಎಂದು ನಂಬಿದ್ದೆ.

ಕಾರಣವಿತ್ತು. ಸದ್ದು ತಡೆಯುವ ಆರು ಕಿವಿಮುಚ್ಚಿಗಳನ್ನು ತರಿಸಿದ್ದೆ. ಹಳದಿ ಬಣ್ಣ, ಒಳಗೆ ಮೆತ್ತನೆಯ ದಿಂಬು. ಕೊಳೆಯಾಗಬಾರದೆಂದು ಪ್ಲಾಸ್ಟಿಕ್ ಕವರ್ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಆಯುಧಪೂಜೆಯ ದಿನ ಹೊರತೆಗೆದು, ಕುಂಕುಮವಿಟ್ಟು, ಮಂಗಳಾರತಿಯಾದ ಮೇಲೆ ಭಕ್ತಿಯಿಂದ ಮತ್ತೆ ಒಳಗಿಡುತ್ತಿದ್ದೆ.

ಹಲ್ಲರ್ ನಡೆಸುವವನು ಪುಟ್ಟಸ್ವಾಮಿ. ಯಂತ್ರದ ಮೈಮೇಲೆ ಅಂಗೈಯಿಟ್ಟು "ಬೇರಿಂಗು ಸವ್ದೈತೆ" ಎಂದನೆಂದರೆ ಸವೆದೇ ಇರುತ್ತದೆ. ಬಂದವರಿಗೆಲ್ಲ ಈ ವಿದ್ಯೆ ತೋರಿಸಿ ನಾನು ಬೀಗುತ್ತಿದ್ದೆ. ಒಂದು ಮಧ್ಯಾಹ್ನ ಯಂತ್ರ ನಿಂತಿದ್ದಾಗ, ಊಟ ತಂದಿದ್ದ ನನ್ನ ಹೆಂಡತಿ ಸುಮಿತ್ರ ಅವನನ್ನೇ ಕೇಳಿದಳು.

"ಅದ್ಯಾಕಪ್ಪ ಕೈ ಇಡ್ತೀಯ?"

ಅವಳು ಎರಡನೇ ಸಲ ಕೇಳಿದಾಗ ಅವನು ತುಟಿ ನೋಡಿ ಉತ್ತರ ಕೊಟ್ಟ. "ಮೊದ್ಲು ಸದ್ದಲ್ಲೇ ಗೊತ್ತಾಗೋದು ಕಣಮ್ಮ. ಈಗ ಕೇಳ್ಸಕ್ಕಿಲ್ಲ. ಮನೇಲಿ ಮೊಮ್ಮಗ್ಳು ಪದ್ಯ ಒಪ್ಪುಸ್ತಾಳೆ, ಸುಮ್ನೆ ತಲೆ ಆಡುಸ್ತೀನಿ."

ಇಷ್ಟು ವರ್ಷ ನಾನು ಹೊಗಳಿದ್ದು ಅವನ ಕಿವುಡುತನವನ್ನು. ಅದನ್ನು ಕೊಟ್ಟವನೂ ನಾನೇ. ಬಹಳ ನಾಚಿಕೆಯಾಯಿತು.

"ಬೀರು ಬೀಗ ತೆಗೀರಿ," ಎಂದಳು ಸುಮಿತ್ರ. "ಬೆಳಿಗ್ಗೆ ತಂದ ಕಿವೀನ ಸಂಜೆ ಹಂಗೇ ಮನೆಗೆ ಕಳ್ಸೋದು ನಿಮ್ಮ ಜವಾಬ್ದಾರಿ ಕಣ್ರೀ. ಎಲ್ಲರಿಗೂ ಪರೀಕ್ಷೆ ಮಾಡ್ಸಿ."

ಎಲ್ಲರನ್ನೂ ಜೀಪಿನಲ್ಲಿ ತುಂಬಿಕೊಂಡು ಸಕಲೇಶಪುರದ ಕಿವಿ ಡಾಕ್ಟರ ಬಳಿಗೆ ಹೋದೆ. ಅವರಿಗೆ ಧೈರ್ಯ ತುಂಬಲೆಂದು ಮೊದಲು ನಾನೇ ಗಾಜಿನ ಕೋಣೆ ಹೊಕ್ಕೆ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು, ಅಷ್ಟೇ. ಕೂತೆ. ಕಾದೆ. ಗಾಜಿನಾಚೆಯಿಂದ ನಮ್ಮವರು ನೋಡುತ್ತಿದ್ದರು. ಕಡೆಗೆ ಬೇಸರವಾಗಿ ಬಾಗಿಲು ತೆಗೆದೆ.

"ಶುರು ಮಾಡೋದು ಯಾವಾಗ ಡಾಕ್ಟ್ರೇ?"

"ಅರ್ಧ ಮುಗೀತಲ್ಲ."

ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಪುಟ್ಟಸ್ವಾಮಿಗೂ ನನಗೂ ಒಟ್ಟಿಗೇ ಹೇಳಿದರು. ಇಬ್ಬರಿಗೂ ಶ್ರವಣಯಂತ್ರ ಬಂತು. ಕಿವಿಮುಚ್ಚಿಗಳು ಬೀರುವಿನಿಂದ ಹೊರಬಂದವು.

"ಮೊಮ್ಮಗಳ ಪದ್ಯ ಕೇಳ್ಸಿತಾ?" ಎಂದು ಪುಟ್ಟಸ್ವಾಮಿಯನ್ನು ಕೇಳಿದೆ.

"ಕೇಳ್ಸ್ತು. ಪೂರಾ ತಪ್ಪು ಹೇಳ್ತಾಳೆ. ತಲೆ ಆಡ್ಸಿ ಆಡ್ಸಿ ನಾನೇ ಕೆಡ್ಸಿಬುಟ್ಟಿದೀನಿ," ಎಂದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ.

ಈ ಸಲದ ಆಯುಧಪೂಜೆಯ ಹೊತ್ತಿಗೆ ಕಿವಿಮುಚ್ಚಿಗಳು ಬಳಸಿ ಬಳಸಿ ಕೊಳೆಯಾಗಿದ್ದವು. ಪುಟ್ಟಸ್ವಾಮಿ ಹಲ್ಲರಿಗೆ ಕುಂಕುಮವಿಟ್ಟ, ಅವಕ್ಕೂ ಇಟ್ಟ, ಆಮೇಲೆ ಗಂಭೀರವಾಗಿ ನನ್ನ ಎರಡೂ ಕಿವಿಗಳಿಗೆ ಇಟ್ಟು ಏನೋ ಹೇಳಿದ. ಸುಮಿತ್ರಳೂ ಸೇರಿ ಎಲ್ಲರೂ ನಕ್ಕರು. ನಾನು ತಲೆ ಆಡಿಸಿದೆ.

ಅವನು ಹೇಳಿದ್ದನ್ನು ಮನೆಗೆ ಬಂದ ಮೇಲೆ ಸುಮಿತ್ರ ಕೂಗಿ ತಿಳಿಸಿದಳು. "'ಯಜಮಾನ್ರು ಕಿವಿ ಯಂತ್ರಾನ ಕವರ್ ಸಮೇತ ಬೀರಲ್ಲಿ ಇಟ್ಟವ್ರೆ, ಪೂಜೆ ಕಿವಿಗಾದ್ರೂ ಆಗ್ಲಿ' ಅಂದ ಕಣ್ರೀ."