ಅತ್ತೆಯ ಹನ್ನೊಂದು ಪುಟಕ್ಕೆ ನಾನು ಹಿಡಿದ ಟೇಪು

ಕಲ್ಲಾಗಲಿ ಕಾಗದವಾಗಲಿ, ಸರಿಯಾಗಿ ಅಳೆದು ಕತ್ತರಿಸಿದರೆ ಹೇಳಿದ ಜಾಗದಲ್ಲಿ ಹೇಳಿದ ಹಾಗೆ ಕೂರುತ್ತದೆ ಎಂಬುದು ನನ್ನ ಇಪ್ಪತ್ತೆರಡು ವರ್ಷಗಳ ಅನುಭವ. ಕಡಲಾಚೆಯ ಈ ಫ್ರೀಮಾಂಟಿನಲ್ಲಿ ನನ್ನದೊಂದು ಗ್ರಾನೈಟ್ ಅಂಗಡಿ ಇದೆ. ಇಲ್ಲಿಯ ಕನ್ನಡಿಗರೆಲ್ಲ ಕಂಪ್ಯೂಟರಿನ ಮುಂದೆ ಕೂತು ಮೇಲೆ ಬಂದರೆ, ನಾನು ಅವರ ಅಡುಗೆಕಟ್ಟೆಗಳ ಮುಂದೆ ಮಂಡಿಯೂರಿ, ಟೇಪು ಹಿಡಿದು ಮೇಲೆ ಬಂದವನು. ಚೌಕಾಸಿ ನನ್ನ ವ್ಯಾಯಾಮ. ಸಲಹೆ ನನ್ನ ದಾನಧರ್ಮ. ಕೇಳದವರಿಗೂ ಕೊಡುತ್ತೇನೆ.

ಆದ್ದರಿಂದ ಅತ್ತೆಯವರ ಬರಹ ನನ್ನ ಕೈಗೆ ಬಂದಾಗ ನನಗೆ ಕಿಂಚಿತ್ತೂ ಭಯವಾಗಲಿಲ್ಲ. ಆಗಬೇಕಿತ್ತು.

ಅತ್ತೆ ಸರೋಜಮ್ಮ ಹಾಸನದವರು. ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಬುಕ್ ಮಾಡಿದವರಿಗೆ ಲೈನು ಕೊಡುವುದು, ಮೂರು ನಿಮಿಷವಾದ ಕೂಡಲೇ ನಡುವೆ ಬಂದು ಎಚ್ಚರಿಸುವುದು, ಆಮೇಲೆ ನಿರ್ದಾಕ್ಷಿಣ್ಯವಾಗಿ ಲೈನು ಕಟ್ ಮಾಡುವುದು ಅವರ ಕೆಲಸ. ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದವರು, ಐದು ತಿಂಗಳು ಏನನ್ನೂ ಕೇಳಲಿಲ್ಲ. ಆಮೇಲೆ ಒಂದೇ ಒಂದು ಕೇಳಿದರು.

"ಅಳಿಯಂದ್ರೆ, ನಿಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಪುಸ್ತಕಕ್ಕೆ ಅಂತ ಏನೋ ಬರ್ದಿದ್ದೀನಿ. ನಂಗೆ ಕಣ್ಣು ಮಂಜು, ಸ್ಟೇಜಲ್ಲಿ ನೀವೇ ಓದ್ಬಿಡಿ. ಅನಘಾ ಕೂತ್ಕೊಂಡು ಕೇಳ್ಬೇಕು. ಅಷ್ಟೇ."

ಅನಘಾ ನನ್ನ ಮಗಳು, ಹದಿನಾರು ವರ್ಷ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವಳ ಪಾಲಿಗೆ ಅಜ್ಜಿ ಎಂದರೆ ದೋಸೆ ಮತ್ತು ಮೊಣಕಾಲು ನೋವು. ಅಷ್ಟೇ ಅಲ್ಲ ತಾನು ಎಂದು ಮೊಮ್ಮಗಳಿಗೆ ತಿಳಿಸುವ ಆಸೆ ಅತ್ತೆಗೆ. ಊರಿಗೆ ಹೊರಡುವ ಮುಂಚೆ!

ಬರಹ ಹನ್ನೊಂದು ಪುಟ. ಸಂಚಿಕೆಯ ಸಂಪಾದಕ ಶೇಷಾದ್ರಿ ಕೊಟ್ಟದ್ದು ಎರಡು.

"ಐದು ಮಾಡಪ್ಪ," ಎಂದೆ.

"ಎರಡು, ಸರ್."

"ಮೂರಕ್ಕೆ ಮುಗಿಸೋಣ. ನಿನ್ನ ಕಿಚನ್ ಮಾಡ್ಕೊಟ್ಟಿದ್ದು ಯಾರು?"

"ನೀವೇ. ಸಿಂಕ್ ಇನ್ನೂ ಸೋರ್ತಿದೆ. ಎರಡು."

ಅರ್ಧ ಗಂಟೆ ಹಿಂಡಿ ಎರಡೂಕಾಲು ಪುಟಕ್ಕೆ ಒಪ್ಪಿಸಿದೆ. ಕಾಲು ಪುಟ ಗೆದ್ದ ಸಂಭ್ರಮದಲ್ಲಿ ಅಂಗಡಿಗೆ ಬಂದು, ಅತ್ತೆಯ ಹಾಳೆಗಳನ್ನು ಸ್ಲ್ಯಾಬಿನ ಮೇಲೆ ಹರಡಿ, ಕತ್ತರಿ ತೆಗೆದುಕೊಂಡೆ. ಕತ್ತರಿ ಎಂದರೆ ನಿಜವಾದ ಕತ್ತರಿ. ಕಲ್ಲು ಕೊಯ್ಯುವ ಮುಂಚೆ ನಾವು ಕಾಗದದ ಅಚ್ಚು ಕತ್ತರಿಸುತ್ತೇವೆ. ಕೈಗೆ ಅದೇ ಅಭ್ಯಾಸ.

ಹೆಡ್‌ಸೆಟ್ಟಿನ ಭಾರಕ್ಕೆ ಮುಡಿದ ಮಲ್ಲಿಗೆ ಬಾಡುತ್ತಿದ್ದುದು: ಅನಗತ್ಯ. ಸೂಪರ್‌ವೈಸರ್ ಚಪ್ಪಲಿಯ ಸದ್ದು ಕೇಳಿದೊಡನೆ ಎಲ್ಲರೂ ಚಿತ್ರಾನ್ನದ ಡಬ್ಬಿ ಮುಚ್ಚುತ್ತಿದ್ದುದು: ಇಲಾಖೆಗೆ ಅಗೌರವ. ಆಮೇಲೆ ಯಾರೋ ಹೆಂಗಸು ಬೊಂಬಾಯಿಗೆ ಕಾಲ್ ಬುಕ್ ಮಾಡಿ, ಲೈನು ಸಿಕ್ಕ ಮೇಲೆ ಎರಡೂ ಕಡೆಯವರು ಸುಮ್ಮನಿದ್ದ ಪ್ರಸಂಗ. ಅರ್ಧ ಪುಟ ಓದಿ ತಾಳ್ಮೆ ಕೆಟ್ಟಿತು. ಯಾರೂ ಮಾತಾಡದ ಮೂರು ನಿಮಿಷಕ್ಕೆ ಎರಡು ಪುಟ! ಸಿಂಕಿಗೆ ತೂತು ಕೊರೆಯುವಂತೆ ಅಷ್ಟನ್ನೂ ಕೊರೆದು ತೆಗೆದೆ.

ಉಳಿದದ್ದರ ತುಂಬ 'ನನಗೆ ಹೆದರಿಕೆಯಾಯಿತು', 'ನನಗೆ ನಗು ಬಂತು' ಎಂದಿತ್ತು. ಹಿರಿಯರು ಹೀಗೆಲ್ಲ ಹೆದರಿದರೆ ಸಭೆಗೆ ಶೋಭೆಯೆ? 'ಶ್ರೀಮತಿ ಸರೋಜಮ್ಮನವರು ಕಿಂಚಿತ್ತೂ ಎದೆಗುಂದದೆ ಕರ್ತವ್ಯನಿರತರಾದರು' ಎಂದು ಪಾಲಿಶ್ ಹಾಕಿದೆ. ಮಿಕ್ಕ ಕಾಲು ಪುಟದಲ್ಲಿ 'ಇಂದಿನ ಯುವಜನರಿಗೆ ಐದು ಕಿವಿಮಾತುಗಳು' ಸೇರಿಸಿದೆ. ಐದೂ ನನ್ನವೇ.

ರಾಜ್ಯೋತ್ಸವ ಸ್ಯಾನ್ ಹೊಸೆಯ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಕ್ಕಳ ಕೋಲಾಟಕ್ಕೂ ಬಿಸಿಬೇಳೆಬಾತಿಗೂ ನಡುವೆ ನನ್ನ ಸರದಿ. ಮುಂದಿನ ಸಾಲಿನಲ್ಲಿ ಅತ್ತೆ ಹೊಸ ರೇಷ್ಮೆ ಸೀರೆ ಉಟ್ಟು, ಅನಘಾಳ ಕೈ ಹಿಡಿದು ಕೂತಿದ್ದರು. ಗಂಭೀರ ಧ್ವನಿಯಲ್ಲಿ ಓದಿದೆ. ಕೊನೆಗೆ ಚಪ್ಪಾಳೆಯೋ ಚಪ್ಪಾಳೆ! ಊಟದ ಬಾಗಿಲು ತೆರೆದದ್ದಕ್ಕೆ ಎಂದು ಆಮೇಲೆ ತಿಳಿಯಿತು.

ಕೆಳಗಿಳಿದು ಬಂದೆ. ಅತ್ತೆಯ ಮುಖ ಪ್ರಸನ್ನವಾಗಿತ್ತು.

"ಚೆನ್ನಾಗಿ ಓದಿದ್ರಿ ಅಳಿಯಂದ್ರೆ. ಪಾಪ, ಯಾರು ಆಯಮ್ಮ? ನನ್ನದೇ ಹೆಸರು, ನಮ್ಮ ಎಕ್ಸ್‌ಚೇಂಜಲ್ಲೇ ಇದ್ರಂತಲ್ಲ! ನಾನು ನೋಡೇ ಇಲ್ಲ. ಸರಿ, ನಂದು ಯಾವಾಗ ಓದ್ತೀರಿ?"

ಅತ್ತೆ ವ್ಯಂಗ್ಯವಾಡುವವರಲ್ಲ. ಅದೇ ತೊಂದರೆ.

ನಾನು ನನ್ನ ಚಪ್ಪಲಿ ನೋಡಿಕೊಂಡೆ. ನಿಧಾನವಾಗಿ ಅವರಿಗೆ ಅರ್ಥವಾಯಿತು. "ಓ," ಎಂದರು. ಸೆರಗು ಸರಿಮಾಡಿಕೊಂಡರು. "ಹೋಗ್ಲಿ ಬಿಡಿ. ಊಟ ಆರೋಗುತ್ತೆ."

ಅನಘಾ ಮಾತ್ರ ಬಿಡಲಿಲ್ಲ. "ಅಪ್ಪಾ, ದಟ್ ವಾಸ್ ಯು. ವೇರ್ ಈಸ್ ಅಜ್ಜಿ ಇನ್ ಇಟ್?"

ಕಾರು ಫ್ರೀವೇಗೆ ಬಂತು. ಹಿಂದಿನ ಸೀಟಿನಲ್ಲಿ ಅತ್ತೆಗೆ ನಿದ್ದೆ ಹತ್ತಿದ ಮೇಲೆ ಹೆಂಡತಿ ಸುಮಾ ಶುರು ಮಾಡಿದಳು.

"ರೀ, ಅಮ್ಮ ಬರೆದ ಹಾಳೆಗಳೆಲ್ಲಿ?"

"ಬೇಕಾದ್ದೆಲ್ಲ ಅಂಟಿಸಿ ಶೇಷಾದ್ರಿಗೆ ಕೊಟ್ಟೆ."

"ಬೇಡದ್ದು?"

"ಅದು... ಅಂಗಡಿ ಡಬ್ಬಿಗೆ."

"ಅಮ್ಮನ ಅಕ್ಷರಾನ ಕತ್ತರಿಸಿ ಕಸಕ್ಕೆ ಹಾಕಿದ್ರಾ?"

"ಕಸಕ್ಕಲ್ಲ ಕಣೇ, ರೀಸೈಕಲ್‌ಗೆ."

"ಇನ್ನೊಂದು ಮಾತಾಡಿದ್ರೆ ನಿಮ್ಮನ್ನೂ ಅದಕ್ಕೇ ಹಾಕ್ತೀನಿ!"

ಮನೆಗೆ ಹೋಗದೆ ನೇರ ಅಂಗಡಿಗೆ ತಿರುಗಿಸಿದೆ. ಜರಿ ಪಂಚೆಯಲ್ಲಿ, ಶಲ್ಯ ಸೊಂಟಕ್ಕೆ ಬಿಗಿದು, ನೀಲಿ ಡಬ್ಬಿಯೊಳಗೆ ಅರ್ಧ ಇಳಿದೆ. ಕಸದ ಲಾರಿ ಬಂದು ಹೋಗಿ ಎಷ್ಟೋ ದಿನವಾಗಿತ್ತು. ಸ್ಲ್ಯಾಬಿನ ಕೆಳಗೆ ಕಾಗದದ ಒಂದು ಪಟ್ಟಿ ಸಿಕ್ಕಿತು. ಮಲ್ಲಿಗೆ ಬಾಡಿತೆಂಬ ಸಾಲು, ಅದೂ ಅರ್ಧ. ಮಂಡಿ ಹಿಡಿದುಕೊಂಡಿತು. ಅಲ್ಲೇ ಕೂತೆ. ಇಷ್ಟು ವರ್ಷ ಕಲ್ಲು ಹೊತ್ತರೂ ಇಷ್ಟು ಸುಸ್ತಾಗಿರಲಿಲ್ಲ. ಅವರು ಹೊರಡಲು ಇನ್ನು ಎಂಟು ದಿನ. ಮಂಜುಗಣ್ಣಿನಲ್ಲಿ ಹನ್ನೊಂದು ಪುಟ ಮತ್ತೆ ಬರೆಯಿರಿ ಎಂದು ಯಾವ ಬಾಯಲ್ಲಿ ಕೇಳಲಿ?

ಕೇಳಿದವಳು ಅನಘಾ. ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಫೋನು ಇಟ್ಟು, ರೆಕಾರ್ಡಿಂಗ್ ಒತ್ತಿ, ಅಜ್ಜಿಯ ಪಕ್ಕ ಕೂತಳು. "ಅಜ್ಜಿ, ಜಸ್ಟ್ ಟೆಲ್ ಮಿ. ಎಲ್ಲಾ."

ಅತ್ತೆ ಮಲ್ಲಿಗೆಯಿಂದ ಶುರು ಮಾಡಿದರು.

"ಅತ್ತೆ, ನೇರ ವಿಷಯಕ್ಕೆ ಬಂದ್ರೆ ಚೆನ್ನಾಗಿರುತ್ತೆ," ಎಂದೆ. ಸುಮಾ ನೋಡಿದಳು. ಚಿತ್ರಾನ್ನದ ಡಬ್ಬಿ ಬಂತು. "ಕಡಲೆಕಾಯಿ ಹಾಕಿದ್ದು ಎಲ್ಲರಿಗೂ ಗೊತ್ತಿರುತ್ತೆ, ಅದನ್ನ ಬಿಟ್ರೂ..." ಎಂದೆ. ಸುಮಾ ಮತ್ತೆ ನೋಡಿದಳು. ಕೊನೆಗೆ ಬೊಂಬಾಯಿ ಕಾಲು ಬಂತು.

"ಲೈನ್ ಕೊಟ್ಟೆ ಪುಟ್ಟಿ. ಈ ಕಡೆ ಹೆಂಡ್ತಿ, ಆ ಕಡೆ ಗಂಡ. ಒಂದು ಮಾತಿಲ್ಲ. ಲೈನ್ ಸತ್ತೋಯ್ತೇನೋ ಅಂತ ನಾನು, ಮಾತಾಡಿ, ಮಾತಾಡಿ, ಅಂದೆ. ಇಬ್ರೂ ಒಟ್ಟಿಗೆ, ಇದ್ದೀವಮ್ಮಾ, ಅಂದ್ರು. ಅವರ ಮಗು ಹೋಗಿತ್ತು ಅಂತ ಆಮೇಲೆ ಗೊತ್ತಾಯ್ತು. ಇಬ್ಬರ ಉಸಿರೂ ನನ್ನ ಕಿವೀಲಿ. ಮೂರು ನಿಮಿಷ ಆಯ್ತು. ಕಟ್ ಮಾಡ್ಬೇಕು. ಕೈ ಅಲ್ಲೇ ಇತ್ತು. ಆಗ್ಲಿಲ್ಲ. ಒಂಬತ್ತು ನಿಮಿಷ ಬಿಟ್ಟೆ. ನನಗೆ ಮೆಮೋ ಕೊಟ್ರು, ಗೊತ್ತಾ?"

ಅಷ್ಟು ಹೇಳಿ ಅತ್ತೆ ಸುಮ್ಮನಾದರು. ಅನಘಾ ಅವರ ಕೈ ಹಿಡಿದು ಸುಮ್ಮನಿದ್ದಳು. ಸುಮಾ ಸುಮ್ಮನಿದ್ದಳು. ಫ್ರಿಜ್ಜಿನ ಸದ್ದು ಮಾತ್ರ. ನಾನೂ ಸುಮ್ಮನಿರಬೇಕಿತ್ತು!

"ಹಲೋ... ಅತ್ತೆ? ಮುಂದೆ?"

ಅತ್ತೆ ತಲೆ ಎತ್ತಲಿಲ್ಲ. ನಾನೆಂದೂ ಕೇಳಿರದ, ಸಣ್ಣ, ಚೊಕ್ಕ, ಸರ್ಕಾರಿ ಧ್ವನಿಯೊಂದು ಹೊರಬಂತು.

"ಇದ್ದೀವಿ ಸರ್. ನೀವು ಲೈನ್ ಬಿಟ್ಟು ಆಚೆ ಬನ್ನಿ."

ಅನಘಾ ಅಳುತ್ತಿದ್ದವಳು ನಕ್ಕುಬಿಟ್ಟಳು. ಅಜ್ಜಿಯೂ ನಕ್ಕರು.

ಈಗ ಆ ರೆಕಾರ್ಡಿಂಗು ಇಲ್ಲೇ ಪಕ್ಕದೂರು ಡಬ್ಲಿನ್ನಿನಿಂದ ಹಾಸನದವರೆಗೆ ನೆಂಟರ ಫೋನುಗಳಲ್ಲಿ ಓಡಾಡುತ್ತಿದೆ. ಕಳಿಸುವ ಮುಂಚೆ ಮಗಳು ಅಳೆದು ಎಡಿಟ್ ಮಾಡಿದ್ದಾಳೆ. ಮಲ್ಲಿಗೆ, ಚಪ್ಪಲಿ, ಚಿತ್ರಾನ್ನ, ಆ ಮೌನ, ಎಲ್ಲ ಪೂರ್ತಿ ಇವೆ. ನನ್ನ ಸಲಹೆಗಳು ಒಂದೂ ಇಲ್ಲ. ಕೊನೆಯ ಆ ಬೈಗುಳಕ್ಕೆ ಬೇಕೆಂದು ನನ್ನ 'ಹಲೋ' ಮಾತ್ರ ಉಳಿಸಿಕೊಂಡಿದ್ದಾಳೆ.

ಕತ್ತರಿಸುವ ಕೈ ನನ್ನಿಂದಲೇ ಬಂದದ್ದು, ಸಂಶಯವಿಲ್ಲ. ನನ್ನ ಇನ್ನೊಂದೇ ಒಂದು ಮಾತು ಇರಲಿ ಎಂದು ಎರಡು ದಿನ ಚೌಕಾಸಿ ಮಾಡಿದೆ. ಕೊಡಲಿಲ್ಲ!